ಎಡಗಡಿ ಹೆಸರು ಕಟ್ ಆದ ಝೆರಾಕ್ಸ್

ನಾ ಸೇಡಂ ಕಡಿ ಒಂದು ಹೈಸ್ಕೂಲ್‌ನ್ಯಾಗ ಕನ್ನಡ ಹೇಳ್ತೀನ್ರಿ, ಹನ್ನೆರಡು ವರ್ಷ ಆತು. ಹತ್ತನೇ ಕ್ಲಾಸಿಗೆ "ಸಂದರ್ಭದೊಂದಿಗೆ ಸ್ವಾರಸ್ಯ ವಿವರಿಸಿ" ಅಂತ ಪ್ರಶ್ನೆ ಬರ್ತದಲ್ಲ, ಅದಕ್ಕ ಆಯ್ಕೆ, ಸಂದರ್ಭ, ಸ್ವಾರಸ್ಯ ಅಂತ ಮೂರು ತುಂಡು ಮಾಡಿ ಬಾಯಿಪಾಠ ಮಾಡಿಸಿಬಿಡ್ತಿದ್ದೆ, ಹುಡುಗರು ಕಣ್ಮುಚ್ಚಿ "ಈ ಮಾತು ಸ್ವಾರಸ್ಯಪೂರ್ಣವಾಗಿ ಮೂಡಿಬಂದಿದೆ" ಅಂತ ಬರೀತಿದ್ರು, ನಾನೂ ಮಾರ್ಕ್ಸ್ ಹಾಕ್ತಿದ್ದೆ. ಯಾಕ ಸ್ವಾರಸ್ಯ ಅಂತ ಅವರು ಹೇಳ್ಲಿಲ್ಲ, ನಾ ಕೇಳ್ಲಿಲ್ಲ.

ಹೋದ ವರ್ಷ ಪಾತ್ರ ವಿಶ್ಲೇಷಣೆ ಸಲುವಾಗಿ ಒಂದು ಸಣ್ಣ ಸಂಭಾಷಣೆ ನಾನೇ ಬರದೆ. ತೊಗರಿ ಮಾರಲಿಕ್ಕ ಬಂದ ಮುತ್ಯಾ, ಅಂದ್ರ ಅಜ್ಜ, ಮತ್ತ ಗಂಜಿನ, ಅಂದ್ರ ಕಾಳಿನ ಮಾರ್ಕೆಟ್ಟಿನ ಅಡತ್ಯಾ, ರೈತರ ಮಾಲು ಮಾರಿಸೋ ದಲ್ಲಾಳಿ, ಇಬ್ಬರೇ. ಝೆರಾಕ್ಸ್ ಮಾಡಿಸಿದ್ರ ಹಾಳಿ ಸೊಟ್ಟ ಕುಂತಿತ್ತೋ ಏನೋ, ಎಡಗಡಿ ಇದ್ದ ಹೆಸರೆಲ್ಲಾ ಕಟ್ ಆಗಿ ಬರೇ ಮಾತು ಉಳದಿದ್ವು. ನಲವತ್ತು ಕಾಪಿ, ಮತ್ತ ಮಾಡಿಸಲಿಕ್ಕ ರೊಕ್ಕ ಯಾರು ಕೊಡ್ತಾರ, ಇರ್ಲಿ ಅಂತ ಹಂಗೇ ಹಂಚಿ "ಯಾವ ಮಾತು ಯಾರ್ದು ನೀವೇ ಬರೀರಿ" ಅಂದೆ.

ಯಾರಿಗೂ ಬರ್ಲಿಲ್ಲ. ಹಿಂದಿನ ಬೆಂಚಿನವ ಒಬ್ಬ ಎದ್ದು "ಸರ, ಇದರಾಗ ಇಬ್ಬರೂ ನೀವೇ ಮಾತಾಡ್ಲತ್ತೀರಿ" ಅಂದ.

ಸಿಟ್ಟು ಬಂತು, ಖರೇ. ಆದ್ರ ಓದಿ ನೋಡಿದ್ರ ಅವ ಅಂದದ್ದೇ ಸರಿ. "ಈ ಬಾರಿ ದರ ಕುಸಿದಿದೆಯೇ?" ಅಂತ ಕೇಳೋ ಮುತ್ಯಾನ್ನ ಯಾವ ಗಂಜಿನಾಗ ನೋಡೀನಿ ನಾ? ಮಳಖೇಡ ನಮ್ಮಲ್ಲಿಂದ ಭಾಳ ದೂರ ಇಲ್ಲ, ರಾಷ್ಟ್ರಕೂಟರ ರಾಜಧಾನಿ ಇದ್ದ ಊರು. ಕ್ರಿ.ಶ. 850ರ ಸುಮಾರಿಗೆ ಅವರ ಆಸ್ಥಾನದ ಶ್ರೀವಿಜಯ ಕವಿರಾಜಮಾರ್ಗದಾಗ "ಕನ್ನಡಂಗಳ್" ಅಂತ ಬಹುವಚನದಾಗೇ ಬರದಾನ, ದೇಸಿ, ಅಂದ್ರ ಆಯಾ ಕಡಿ ಆಡುಮಾತು, ಬ್ಯಾರೆ ಬ್ಯಾರೆ ಇರೋದಕ್ಕ ಸರ್ಪರಾಜ ವಾಸುಕಿಗೂ ಬ್ಯಾಸರ ಬರ್ತದ ಅಂತಾನ. ಇದನ್ನ ಪ್ರತಿ ವರ್ಷ ಬೋರ್ಡ್ ಮ್ಯಾಲ ಬರೀತೀನಿ, ಬರದು ಅದೇ ಪಿರಿಯಡ್‌ನ್ಯಾಗ "ಅದ" ಅಂದ ಹುಡುಗನ್ನ "ಇದೆ ಅನ್ನು" ಅಂತ ತಿದ್ದತೀನಿ!

ಮರುದಿನ ಅವರಿಗೇ ಬರೀಲಿಕ್ಕ ಕೊಟ್ಟೆ, ಹೆಸರು ಹಾಕಬ್ಯಾಡ್ರಿ ಅಂದೆ. ಒಂದು ಹುಡುಗಿ ಬರದದ್ದು:

"ಬರ್ರಿ ಗೌಡ್ರ, ಕುಂದರ್ರಿ. ಏ, ಚಾ ತಾರೋ."
"ಚಾ ಇರ್ಲಿ ಸಾವಕಾರ್ರ, ರೇಟ್ ಹೇಳ್ರಿ."
"ಮಾಲು ಹಸಿ ಅದ."
"ಎಂಟು ದಿನ ಒಣಗಿಸೀನ್ರಿ."
"ಒಣಗಿಸಿದ್ರ ಹಿಂಗಿರ್ತದೇನು ಮುತ್ಯಾ? ಒಯ್ಯಂಗಿದ್ರ ಒಯ್ಯಿ."

ಐದೇ ಸಾಲು. ಹೆಸರಿಲ್ಲ, ಆದ್ರೂ ಒಬ್ಬರೂ ತಪ್ಪಲಿಲ್ಲ. ಬಂದ ಕೂಡ್ಲೆ "ಗೌಡ್ರ", ಐದನೇ ಸಾಲಿಗೆ "ಮುತ್ಯಾ". ಮನ್ಯಾಗ ಮುತ್ಯಾ ಅಂದ್ರ ಪ್ರೀತಿ, ಆದ್ರ ಇಲ್ಲಿ ಅದರ ಬೆನ್ನಿಗೇ "ಕುಂದರ್ರಿ" ಅಂದ ಬಾಯಿ "ಒಯ್ಯಿ" ಅಂತದ, ಪ್ರೀತಿ ಎಲ್ಲಿಂದ ಬಂತು. ಮುತ್ಯಾನ "ರಿ" ಮಾತ್ರ ಕೊನೀತನಕ ಬಿಟ್ಟಿಲ್ಲ, ಯಾಕಂದ್ರ ಗಾಡಿ ತುಂಬ ಮಾಲು ಹೊರಗ ನಿಂತದ. ಇನ್ನ ರೇಟ್ ಕೇಳಿದ್ದಕ್ಕ ರೇಟ್ ಹೇಳೇ ಇಲ್ಲ ಪುಣ್ಯಾತ್ಮ, ಹಸಿ ಅದ ಅಂತ ಬ್ಯಾರೆ ಕಡಿ ಒಯ್ದ.

ಮೊದಲಾದ್ರ ಇದಕ್ಕ "ಅಡತ್ಯಾ ದುರಾಸೆಯವನು, ಮುತ್ಯಾ ಮುಗ್ಧನು" ಅಂತ ಬರಸಿ ಮುಂದಿನ ಪಾಠಕ್ಕ ಹೋಗ್ತಿದ್ದೆ. ಈಗ ಗುಣ ಕೇಳೋದು ಕೊನೀಗೆ. ಮೊದಲ ಕ್ರಿಯಾಪದದ ಬಾಲ ನೋಡ್ರಿ ಅಂತೀನಿ, "ರಿ" ಎಲ್ಲಿ ಬಿತ್ತು, ಕೇಳಿದ್ದಕ್ಕ ಉತ್ತರ ಬಂತೋ ಜಾರಿದ್ನೋ. ಪರೀಕ್ಷೆದಾಗ ಉತ್ತರ ಪುಸ್ತಕದ ಕನ್ನಡದಾಗೇ ಬರೀಬೇಕು, ಅದನ್ನೂ ಹೇಳ್ತೀನಿ, ಮಾರ್ಕ್ಸ್ ಹೋಗಬಾರದಲ್ಲ.

ಅವತ್ತು ನಾ ಇಷ್ಟೆಲ್ಲಾ ಹೇಳಿ ಮುಗಿಸಿ, ಮತ್ತೇನರ ಉಳೀತೇನು ಅಂತ ಕೇಳಿದ್ರ ಅದೇ ಹಿಂದಿನ ಬೆಂಚಿನವ ಎದ್ದ: "ಸರ, ಚಾ ಬಂದೇ ಇಲ್ಲ ನೋಡ್ರಿ."