ಕೊಡಗಿಗೆ ಮನೆಮಂದಿಯ ಜತೆ: ಮೊದಲು ತಾರೀಕು, ಆಮೇಲೆ ರೂಮು

ಕೊಡಗಿಗೆ ಹೊರಡುವವರು ಸಾಮಾನ್ಯವಾಗಿ ಹೋಂಸ್ಟೇ ಬುಕ್ ಮಾಡಿ, ಆಮೇಲೆ ಏನು ನೋಡುವುದೆಂದು ಹುಡುಕುತ್ತಾರೆ. ಬೆಟ್ಟ, ಜಲಪಾತಕ್ಕಾದರೆ ನಡೆಯುತ್ತದೆ. ಹಬ್ಬ ನೋಡಬೇಕಿದ್ದರೆ ತಾರೀಕಿನಿಂದಲೇ ಶುರು ಮಾಡಬೇಕು. ಕೈಲ್‌ಪೊಳ್ದ್ (ಕೊಡವರ ಆಯುಧಪೂಜೆಯ ಹಬ್ಬ) ಸೆಪ್ಟೆಂಬರ್ 3ಕ್ಕೆ. ತಲಕಾವೇರಿ ತೀರ್ಥೋದ್ಭವ (ಕಾವೇರಿ ಉಕ್ಕಿ ಬರುತ್ತಾಳೆಂದು ನಂಬುವ ಗಳಿಗೆ) ತುಲಾ ಸಂಕ್ರಮಣದಂದು, ಅಕ್ಟೋಬರ್ 17ರ ಆಸುಪಾಸು. ಸುಗ್ಗಿ ಹಬ್ಬ ಪುತ್ತರಿ ನವೆಂಬರ್ ಕೊನೆ ಅಥವಾ ಡಿಸೆಂಬರ್‌ನಲ್ಲಿ. ಕದಿರು ತೆಗೆಯುವ ಮುಹೂರ್ತ ಕಕ್ಕಬ್ಬೆಯ ಪಾಡಿ ಇಗ್ಗುತಪ್ಪ ದೇವಸ್ಥಾನದಲ್ಲಿ ನಿಗದಿಯಾದ ಮೇಲಷ್ಟೇ ದಿನ ಖಚಿತ.

ಮಡಿಕೇರಿ ದಸರಾ ನೋಡಲು ಬಂದು ಬೇಸರದಿಂದ ಹಿಂದಿರುಗುವವರಲ್ಲಿ ಬಹುಪಾಲು ಜನ ಸಂಜೆ ಏಳಕ್ಕೇ ಬಂದು ರಾತ್ರಿ ಹತ್ತಕ್ಕೆ ಹೊರಟವರು. ವಿಜಯದಶಮಿಯ ರಾತ್ರಿ ಹತ್ತು ದೇವಸ್ಥಾನಗಳ ಹತ್ತು ಮಂಟಪಗಳು ಬೀದಿಗಿಳಿಯುತ್ತವೆ. ಟ್ರ್ಯಾಕ್ಟರ್ ಟ್ರೇಲರ್ ಮೇಲೆ ಕಟ್ಟಿದ ದೇವರು, ರಾಕ್ಷಸರ ಬೊಂಬೆಗಳು ಕೈ ಎತ್ತಿ, ತಲೆ ತಿರುಗಿಸಿ ಕಥೆ ಆಡುವುದು ನಡುರಾತ್ರಿಯ ನಂತರ, ಬೆಳಗಿನ ಜಾವದವರೆಗೆ. ಆದ್ದರಿಂದ ಮಕ್ಕಳನ್ನು ಮಧ್ಯಾಹ್ನವೇ ಮಲಗಿಸಿ. ಪೇಟೆಯೊಳಗೆ ವಾಹನ ಬಿಡುವುದಿಲ್ಲ, ಹಾಗಾಗಿ ನಡೆದು ತಲುಪುವಷ್ಟು ದೂರದಲ್ಲೇ ರೂಮು ಹಿಡಿಯಿರಿ, ಅದೂ ತಿಂಗಳುಗಳ ಮೊದಲೇ. ಸ್ವೆಟರ್ ಬೇಕೇ ಬೇಕು. ಧ್ವನಿವರ್ಧಕದ ಅಬ್ಬರ ಎದೆಗೆ ಬಡಿಯುವಷ್ಟು ಇರುತ್ತದೆ. ಪುಟ್ಟ ಮಕ್ಕಳ ಕಿವಿಗೆ ಹತ್ತಿ ಇಡಿ, ಸ್ಪೀಕರ್ ಇರುವ ಬದಿ ಬಿಟ್ಟು ನಿಲ್ಲಿ. ಅಜ್ಜ ಅಜ್ಜಿ ಇಷ್ಟು ಹೊತ್ತು ನಿಲ್ಲಲಾರರು ಎಂದಾದರೆ ನವರಾತ್ರಿಯ ಮೊದಲ ದಿನವೇ ಬನ್ನಿ. ಅಂದು ಪಂಪಿನ ಕೆರೆಯಿಂದ ನಾಲ್ಕು ಮಾರಿಯಮ್ಮ ದೇವಸ್ಥಾನಗಳ ಕರಗಗಳು ಹೊರಡುತ್ತವೆ, ಮುಂದಿನ ದಿನಗಳಲ್ಲಿ ಊರ ಬೀದಿಗಳಲ್ಲಿ ಪೂಜೆ ಪಡೆಯುತ್ತವೆ. ಕರಗವನ್ನು ಹತ್ತಿರದಿಂದ ನೋಡಲು ಇದೇ ಒಳ್ಳೆಯ ಸಮಯ.

ಮ್ಯೂಸಿಯಂಗಳಿಗೆ ಸೋಮವಾರ ಇಟ್ಟುಕೊಳ್ಳಬೇಡಿ. ಮಡಿಕೇರಿ ಕೋಟೆಯೊಳಗಿನ ಸರಕಾರಿ ಸಂಗ್ರಹಾಲಯ ಬ್ರಿಟಿಷರ ಕಾಲದ ಚರ್ಚ್ ಕಟ್ಟಡದಲ್ಲಿದೆ. ಮಕ್ಕಳು ಹೊರಗಿನ ಎರಡು ಗಾರೆಯ ಆನೆಗಳಿಗೇ ಅಂಟಿಕೊಳ್ಳುತ್ತಾರೆ, ಫೋಟೊ ಮುಗಿಸಿಯೇ ಒಳಗೆ ಕರೆದೊಯ್ಯಿರಿ. ವೀರಗಲ್ಲಿನ ಮುಂದೆ ಎರಡು ನಿಮಿಷ ನಿಲ್ಲಿಸಿ, ಕೆಳಗಿನಿಂದ ಮೇಲಕ್ಕೆ ಓದಿಸಿ: ತಳದ ಪಟ್ಟಿಕೆಯಲ್ಲಿ ಕಾಳಗ, ನಡುವೆ ಸತ್ತ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕುಳಿತ ವೀರ. ಇದೊಂದು ಗೊತ್ತಾದರೆ ಮುಂದೆ ಯಾವ ಊರಲ್ಲಿ ವೀರಗಲ್ಲು ಕಂಡರೂ ಮಕ್ಕಳೇ ಕಥೆ ಹೇಳುತ್ತಾರೆ.

ಮಡಿಕೇರಿಯಲ್ಲಿ ಜನರಲ್ ತಿಮ್ಮಯ್ಯ ಬೆಳೆದ ‘ಸನ್ನಿ ಸೈಡ್’ ಮನೆ 2021ರ ಫೆಬ್ರವರಿಯಲ್ಲಿ ಮ್ಯೂಸಿಯಂ ಆಯಿತು. 1957ರಿಂದ 1961ರವರೆಗೆ ಭೂಸೇನೆಯ ಮುಖ್ಯಸ್ಥರಾಗಿದ್ದವರು, 1965ರಲ್ಲಿ ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಪಡೆ ಮುನ್ನಡೆಸುತ್ತಿದ್ದಾಗ ತೀರಿಕೊಂಡವರು ಎಂಬಷ್ಟನ್ನು ಮೊದಲೇ ಹೇಳಿಟ್ಟರೆ ಕೋಣೆಗಳ ಫೋಟೊಗಳಿಗೆ ಅರ್ಥ ಬರುತ್ತದೆ. ಸೂರ್ಯಾಸ್ತ ನೋಡುವ ರಾಜಾಸೀಟು ಸಂಜೆಗಿರಲಿ, ಕೊಡಗಿನ ಅರಸರ ಸಮಾಧಿಗಳಿರುವ ಗದ್ದಿಗೆಗೆ ಅರ್ಧ ಗಂಟೆ ಸಾಕು.

ದಿನಕ್ಕೆ ಒಂದೇ ದಿಕ್ಕಿನ ರಸ್ತೆ ಹಿಡಿಯಿರಿ. ಮಡಿಕೇರಿಯಿಂದ ಕುಶಾಲನಗರ ಸುಮಾರು 30 ಕಿ.ಮೀ., ಆನೆ ಶಿಬಿರದ ದುಬಾರೆ ಅದೇ ಕಡೆಗೆ. ಭಾಗಮಂಡಲ ಎದುರು ದಿಕ್ಕಿಗೆ ಸುಮಾರು 40, ಅಲ್ಲಿಂದ ತಲಕಾವೇರಿ ಇನ್ನೂ 8. ಲೆಕ್ಕ ಕಡಿಮೆ ಕಂಡರೂ ತಿರುವುಗಳೇ ಹೊತ್ತು ತಿನ್ನುತ್ತವೆ. ವಾಂತಿ ಬರುವ ಮಕ್ಕಳಿಗೆ ಹೊಟ್ಟೆ ತುಂಬ ತಿಂಡಿ ಕೊಡಬೇಡಿ, ಮುಂದಿನ ಸೀಟಿನವರ ಬೆನ್ನಿಗೆ ಮುಖ ಹಾಕಿ ಮೊಬೈಲ್ ನೋಡಲು ಬಿಡಬೇಡಿ.

ನಾಲ್ಕುನಾಡು ಅರಮನೆಗೆ ಕಕ್ಕಬ್ಬೆ ಕಡೆಯಿಂದ ಕಿರಿದಾದ ರಸ್ತೆ. ಕೊಡಗಿನ ಅರಸ ದೊಡ್ಡವೀರರಾಜೇಂದ್ರ 1792ರ ಹೊತ್ತಿಗೆ ಕಟ್ಟಿಸಿದ ಈ ಎರಡಂತಸ್ತಿನ ಮನೆಯಲ್ಲಿ ಮರದ ಕೆತ್ತನೆ ಮತ್ತು ಬಣ್ಣದ ಚಿತ್ರಗಳೇ ನೋಡಬೇಕಾದದ್ದು. ದೊಡ್ಡ ಅರಮನೆ ನಿರೀಕ್ಷಿಸಿದವರಿಗೆ ನಿರಾಸೆಯಾದೀತು.

ತೀರ್ಥೋದ್ಭವದ ಗಳಿಗೆ ವರ್ಷ ವರ್ಷವೂ ಬೇರೆ: ಒಮ್ಮೆ ಮಧ್ಯಾಹ್ನ, ಒಮ್ಮೆ ನಡುರಾತ್ರಿ. ತೀರ್ಥ ಉಕ್ಕುವ ಬ್ರಹ್ಮಕುಂಡಿಕೆ ತೀರಾ ಚಿಕ್ಕದು, ಗಳಿಗೆ ಹತ್ತಿರವಾದಂತೆ ನೂಕುನುಗ್ಗಲು ಜೋರು. ಮಕ್ಕಳ ಜತೆ ಇದ್ದವರು ಆ ಕ್ಷಣಕ್ಕೆ ಹಟ ಹಿಡಿಯದೆ ಜನ ಕರಗಿದ ಮೇಲೆ ತೀರ್ಥ ತೆಗೆದುಕೊಳ್ಳುವುದೇ ಮೇಲು. ಬಿಗಿ ಮುಚ್ಚಳದ ಸಣ್ಣ ಕ್ಯಾನು, ಅದರ ಮುಂದಿನ ಕೊಳದಲ್ಲಿ ಮುಳುಗು ಹಾಕಿದರೆ ಬದಲಿಸಲು ಒಣಬಟ್ಟೆ, ಮಂಜಿಗೊಂದು ಕಂಬಳಿ ಇರಲಿ. ನೆಟ್‌ವರ್ಕ್ ನಂಬಬೇಡಿ: ತಪ್ಪಿಸಿಕೊಂಡರೆ ಎಲ್ಲಿ ಸೇರಬೇಕೆಂದು ಕಾರಿಳಿಯುವ ಮುಂಚೆಯೇ ಹೇಳಿ, ಮಕ್ಕಳ ಜೇಬಿನಲ್ಲಿ ನಿಮ್ಮ ಫೋನ್ ನಂಬರಿನ ಚೀಟಿ ಇಡಿ.