ಬಲಗಡೆಯ ಸೀಟಿನಲ್ಲಿ ಕೂತವರ ಮಾತು

2010ರ ಮೇ 22ರ ಬೆಳಗ್ಗೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನವು ಮಂಗಳೂರಿನ ಬಜ್ಪೆಯ ರನ್‌ವೇ ದಾಟಿ ಕೆಂಜಾರಿನ ಕಣಿವೆಗೆ ಉರುಳಿ 158 ಮಂದಿ ಸತ್ತ ದುರಂತದ ಮಾತು ಬಂದಾಗಲೆಲ್ಲ ನಮ್ಮ ಕರಾವಳಿಯಲ್ಲಿ ಎರಡು ಕಾರಣಗಳು ಕೇಳಿಬರುತ್ತವೆ. ಒಂದು, ಗುಡ್ಡದ ನೆತ್ತಿ ಸಪಾಟು ಮಾಡಿ ಕಟ್ಟಿದ ಟೇಬಲ್‌ಟಾಪ್ ರನ್‌ವೇ. ಇನ್ನೊಂದು, ನಿದ್ದೆ ಮಾಡಿದ ವಿದೇಶಿ ಕ್ಯಾಪ್ಟನ್. ಎರಡಕ್ಕೂ ಆಧಾರವಿದೆ. ಆದರೆ ನಿವೃತ್ತ ಏರ್ ಮಾರ್ಷಲ್ ಬಿ. ಎನ್. ಗೋಖಲೆಯವರ ನೇತೃತ್ವದ ತನಿಖಾ ನ್ಯಾಯಾಲಯ ಕೊಟ್ಟ ವರದಿಯನ್ನು ಓದಿದವರಿಗೆ ಈ ಎರಡಕ್ಕಿಂತ ಹೆಚ್ಚು ಕಾಡುವ ಸಂಗತಿ ಬೇರೊಂದಿದೆ. ಎಚ್ಚರವಾಗಿದ್ದ, ಅಪಾಯವನ್ನು ಸಕಾಲದಲ್ಲಿ ಗುರುತಿಸಿದ, ಏನು ಮಾಡಬೇಕೆಂದು ಬಾಯಿಬಿಟ್ಟು ಹೇಳಿದ ಸಹ ಪೈಲಟ್ ಒಬ್ಬರು ಅದೇ ಕಾಕ್‌ಪಿಟ್‌ನ ಬಲಗಡೆಯ ಸೀಟಿನಲ್ಲಿದ್ದರು.

ಆ ರಾತ್ರಿಯ ಕೆಲಸದ ಸ್ವರೂಪವನ್ನು ಮೊದಲು ನೋಡಬೇಕು. ಅದೇ ತಂಡ ಹಿಂದಿನ ರಾತ್ರಿ ಒಂಬತ್ತೂವರೆಯ ಹೊತ್ತಿಗೆ ಮಂಗಳೂರಿನಿಂದ ಹೊರಟು ದುಬೈ ತಲುಪಿ, ಅಲ್ಲಿ ಪ್ರಯಾಣಿಕರನ್ನು ಇಳಿಸಿ, ಹತ್ತಿಸಿಕೊಂಡು, ಭಾರತೀಯ ಕಾಲಮಾನ ಎರಡೂವರೆಯ ಸುಮಾರಿಗೆ ಮತ್ತೆ ಹಾರಿ, ಬೆಳಗಾಗುವ ಹೊತ್ತಿಗೆ ಮಂಗಳೂರಿಗೆ ಮರಳಬೇಕಿತ್ತು. ಗಲ್ಫ್‌ನಲ್ಲಿ ಮಕ್ಕಳಿರುವ ಮನೆಗಳಿಗೆಲ್ಲ ಪರಿಚಿತವಾದ ವೇಳಾಪಟ್ಟಿಯಿದು. ಟಿಕೆಟ್ ಅಗ್ಗ, ಬೆಳಗಾಗುವಾಗ ಊರು. ಕ್ಯಾಪ್ಟನ್ ಎರಡು ವಾರಗಳ ರಜೆ ಮುಗಿಸಿ ಕೆಲವೇ ದಿನಗಳ ಹಿಂದೆ ಮರಳಿದ್ದರು, ಹತ್ತು ಸಾವಿರ ಗಂಟೆಗೂ ಮಿಕ್ಕಿದ ಹಾರಾಟದ ಅನುಭವ ಅವರಿಗಿತ್ತು. ಕಾಗದದ ಮೇಲೆ ವಿಶ್ರಾಂತಿಗೆ ಯಾವ ಕೊರತೆಯೂ ಇರಲಿಲ್ಲ. ಆದರೆ ರಾತ್ರಿ ಎರಡರಿಂದ ಬೆಳಗಿನ ಆರರವರೆಗೆ ಮನುಷ್ಯನ ದೇಹ ತೀರಾ ಕುಗ್ಗಿರುವ ಹೊತ್ತು, ಅದು ರಜೆಯ ದಾಖಲೆಯನ್ನು ನೋಡಿ ಸುಮ್ಮನಾಗುವುದಿಲ್ಲ.

ಕಾಕ್‌ಪಿಟ್ ವಾಯ್ಸ್ ರೆಕಾರ್ಡರ್‌ನಲ್ಲಿ ಎರಡು ಗಂಟೆ ಐದು ನಿಮಿಷಗಳ ಧ್ವನಿ ಸಿಕ್ಕಿತ್ತು. ಅದರ ಮೊದಲ ಒಂದು ಗಂಟೆ ನಲವತ್ತು ನಿಮಿಷಗಳಲ್ಲಿ ಇಬ್ಬರು ಪೈಲಟ್‌ಗಳ ನಡುವೆ ಮಾತೇ ಇಲ್ಲ. ಕೇಳುವುದು ಗೊರಕೆ ಮತ್ತು ದೀರ್ಘ ಉಸಿರು. ಈ ವಿವರ ಪತ್ರಿಕೆಗಳಲ್ಲಿ ಬಂದಾಗ ಹುಟ್ಟಿದ ಸಿಟ್ಟು ಸಹಜವಾದದ್ದೇ. ಆದರೂ ಸಿಟ್ಟು ಗುರಿ ತಪ್ಪಿತು ಎಂಬುದು ನನ್ನ ಅನಿಸಿಕೆ. ನಾಸಾದ ಸಂಶೋಧಕರು 1994ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ದೂರದ ಹಾರಾಟದ ಪೈಲಟ್‌ಗಳಿಗೆ ಸರದಿಯಂತೆ ನಲವತ್ತು ನಿಮಿಷಗಳ ಬಿಡುವು ಕೊಟ್ಟಾಗ ಅವರು ಸರಾಸರಿ 26 ನಿಮಿಷ ನಿದ್ದೆ ಮಾಡಿದರು, ಹಾರಾಟದ ಕೊನೆಯ ಹಂತದಲ್ಲಿ ನಿದ್ದೆ ಮಾಡದವರಿಗಿಂತ ಹೆಚ್ಚು ಚುರುಕಾಗಿದ್ದರು. ಅಂದರೆ ಕಾಕ್‌ಪಿಟ್‌ನಲ್ಲಿ ಕಣ್ಣು ಮುಚ್ಚುವುದೇ ಅಪರಾಧವಲ್ಲ. ಎಷ್ಟು ಹೊತ್ತು, ಯಾರಿಗೆ ಹೇಳಿ, ಇಳಿಯುವ ಎಷ್ಟು ಮೊದಲು ಏಳುವುದು ಎಂಬ ಒಪ್ಪಂದ ಇಬ್ಬರ ನಡುವೆ ಇದೆಯೇ ಎಂಬುದು ಮುಖ್ಯ. ನೂರು ನಿಮಿಷಗಳ ಗಾಢ ನಿದ್ದೆಯಿಂದ ಎದ್ದವನ ಬುದ್ಧಿ ತಿಳಿಯಾಗಲು ಹೊತ್ತು ಬೇಕು. ಆ ಮಂಪರಿನಲ್ಲಿ ಕೈ ಅಭ್ಯಾಸಬಲದಿಂದ ಕೆಲಸ ಮಾಡುತ್ತದೆ, ಆದರೆ ಲೆಕ್ಕ ತಪ್ಪಿದ್ದನ್ನು ಮನಸ್ಸು ತಡವಾಗಿ ಒಪ್ಪಿಕೊಳ್ಳುತ್ತದೆ. ತನಿಖಾ ವರದಿಯೂ ದುರಂತಕ್ಕೆ ಪೂರಕವಾದ ಅಂಶಗಳಲ್ಲಿ ಇದನ್ನು ಸೇರಿಸಿದೆ.

ಆ ಬೆಳಗ್ಗೆ ಲೆಕ್ಕ ತಪ್ಪಿದ್ದು ಎತ್ತರದ ವಿಷಯದಲ್ಲಿ. ಮಂಗಳೂರಿನ ರಾಡಾರ್ ಎರಡು ದಿನಗಳಿಂದ ಕೆಟ್ಟಿತ್ತು. ಹಾಗಾಗಿ ಇಳಿಯಲು ಅನುಮತಿ ಸಿಕ್ಕಿದ್ದು ತಡವಾಗಿ. 37,000 ಅಡಿ ಎತ್ತರದಲ್ಲಿದ್ದ ವಿಮಾನ ಕೆಳಗಿಳಿಯಲು ಆರಂಭಿಸಿದಾಗ ನಿಲ್ದಾಣ 77 ನಾಟಿಕಲ್ ಮೈಲಿ ದೂರದಲ್ಲಿತ್ತು. ಪೈಲಟ್‌ಗಳ ಸರಳ ಲೆಕ್ಕ ಸಾವಿರ ಅಡಿಗೆ ಮೂರು ಮೈಲಿ. ಆ ಪ್ರಕಾರ ಸುಮಾರು 110 ಮೈಲಿ ಬೇಕಿತ್ತು. ಕೊರತೆ ತುಂಬಲು ಉಪಾಯಗಳಿವೆ: ರೆಕ್ಕೆಯ ಮೇಲಿನ ಸ್ಪೀಡ್ ಬ್ರೇಕ್ ಎತ್ತಬಹುದು, ಚಕ್ರಗಳನ್ನು ಬೇಗ ಇಳಿಸಬಹುದು, ಒಂದು ಸುತ್ತು ಹೆಚ್ಚು ಹಾಕಬಹುದು. ಮೊದಲಿನ ಎರಡನ್ನು ಮಾಡಿದರು, ಮೂರನೆಯದನ್ನು ಮಾಡಲಿಲ್ಲ. ರನ್‌ವೇ ಎರಡೂವರೆ ಮೈಲಿ ದೂರದಲ್ಲಿದ್ದಾಗಲೂ ವಿಮಾನ ಇರಬೇಕಾದ ಎತ್ತರದ ಸುಮಾರು ಎರಡು ಪಟ್ಟು ಮೇಲಿತ್ತು.

ಇಲ್ಲಿಂದ ಮುಂದಿನದು ಸುಮಾರು ಒಂದು ನಿಮಿಷದ ಕಥೆ. ತೀರಾ ಮೇಲಿದ್ದೇವೆ, ರನ್‌ವೇ ನೇರ ಕೆಳಗಿದೆ ಎಂದು ಸಹ ಪೈಲಟ್ ಹೇಳುತ್ತಾರೆ. ಕ್ಯಾಪ್ಟನ್ 'ಓ ಮೈ ಗಾಡ್' ಎಂದು ಉದ್ಗರಿಸಿ, ಆಟೋಪೈಲಟ್ ತೆಗೆದು, ಮೂತಿ ತಗ್ಗಿಸಿ ವಿಮಾನವನ್ನು ಕಡಿದಾಗಿ ಇಳಿಸತೊಡಗುತ್ತಾರೆ. 'ಗೋ ಅರೌಂಡ್?' ಎಂದು ಸಹ ಪೈಲಟ್ ಕೇಳುತ್ತಾರೆ. ಎಂದರೆ, ಇಳಿಯುವುದು ಬಿಟ್ಟು ಮೇಲೇರಿ ಮತ್ತೊಂದು ಸುತ್ತು ಬರೋಣವೇ ಎಂದು. ಉತ್ತರವಾಗಿ ಬರುವುದು ಗ್ಲೈಡ್ ಪಾತ್ ಸಿಗ್ನಲ್, ಅಂದರೆ ಇಳಿಯುವ ಹಾದಿ ತೋರಿಸುವ ರೇಡಿಯೋ ಸಂಕೇತ, ತಪ್ಪಾಗಿತ್ತೆಂಬ ಅರ್ಥದ ತುಂಡುಮಾತು. ಸಹ ಪೈಲಟ್ ಎರಡನೆಯ ಸಲ 'ಗೋ ಅರೌಂಡ್' ಎಂದು ಹೇಳಿ, ಜೊತೆಗೆ 'ಅನ್‌ಸ್ಟೆಬಿಲೈಸ್ಡ್', ಅಂದರೆ ಎತ್ತರ, ವೇಗ ಹದದಲ್ಲಿಲ್ಲ, ಎಂದೂ ಸೇರಿಸುತ್ತಾರೆ. ಇಷ್ಟರ ನಡುವೆ ನೆಲ ಹತ್ತಿರವಾಗುತ್ತಿದೆಯೆಂದು ವಿಮಾನದ ಎಚ್ಚರಿಕೆ ಯಂತ್ರ 'ಸಿಂಕ್ ರೇಟ್', 'ಪುಲ್ ಅಪ್' ಎಂದು ಕೂಗುತ್ತಲೇ ಇದೆ. 50 ಅಡಿ ಎತ್ತರದಲ್ಲಿ ದಾಟಬೇಕಾದ ರನ್‌ವೇ ಅಂಚನ್ನು ವಿಮಾನ 200 ಅಡಿಯಲ್ಲಿ, 144 ನಾಟ್ ಇರಬೇಕಾದ ಕಡೆ 160 ದಾಟಿದ ವೇಗದಲ್ಲಿ ದಾಟುತ್ತದೆ. 8,033 ಅಡಿ ಉದ್ದದ ರನ್‌ವೇಯಲ್ಲಿ ಸುಮಾರು 5,200 ಅಡಿ ಕಳೆದ ಮೇಲೆ ನೆಲ ಮುಟ್ಟುತ್ತದೆ. ರನ್‌ವೇ ಉಳಿದಿಲ್ಲವೆಂಬ ಸಹ ಪೈಲಟ್‌ರ ಮಾತೂ ದಾಖಲಾಗಿದೆ. ವೇಗ ತಗ್ಗಿಸಲು ಎಂಜಿನ್‌ನ ಒತ್ತನ್ನು ಮುಂದಕ್ಕೆ ತಿರುಗಿಸುವ ರಿವರ್ಸರ್ ಹಾಕಿ ಬ್ರೇಕ್ ಒತ್ತಿದ ಕ್ಯಾಪ್ಟನ್ ಕೆಲವೇ ಕ್ಷಣಗಳಲ್ಲಿ ಮನಸ್ಸು ಬದಲಿಸಿ ಮತ್ತೆ ಮೇಲೇರಲು ಯತ್ನಿಸಿದರು. ವರದಿಯ ಲೆಕ್ಕದಲ್ಲಿ ಮೂರು ಸಲ ಹೇಳಿದಾಗ ಒಪ್ಪದ ಸಲಹೆಯನ್ನು, ಅದು ಮಾರಕವಾಗುವ ಹೊತ್ತಿನಲ್ಲಿ ಪಾಲಿಸಿದಂತಾಯಿತು.

ಸಹ ಪೈಲಟ್ ಯಾಕೆ ನಿಯಂತ್ರಣವನ್ನು ಕೈಗೆ ತೆಗೆದುಕೊಳ್ಳಲಿಲ್ಲ? ಅವರೂ ಮೂರು ಸಾವಿರ ಗಂಟೆಗೂ ಹೆಚ್ಚು ಹಾರಿದವರು, ಮಂಗಳೂರಿನಲ್ಲೇ ನೆಲೆಸಿದ್ದವರು, ಈ ರನ್‌ವೇಯನ್ನು ಕ್ಯಾಪ್ಟನ್‌ಗಿಂತ ಚೆನ್ನಾಗಿ ಬಲ್ಲವರು. ವರದಿ ಹೇಳುವುದು ಇಷ್ಟು: ಸಹ ಪೈಲಟ್ ತಾನೇ ಗೋ ಅರೌಂಡ್ ಆರಂಭಿಸಬಹುದೇ ಎಂಬ ವಿಷಯದಲ್ಲಿ ಆಗ ಇದ್ದ ಸೂಚನೆಗಳು ಅಸ್ಪಷ್ಟವಾಗಿದ್ದವು. ಇದಕ್ಕೆ ನನ್ನದೊಂದು ಮಾತು ಸೇರಿಸುತ್ತೇನೆ. ನಾನು ವಿಮಾನದವನಲ್ಲ, ಕಾರ್ಖಾನೆಯೊಂದರ ಕಂಟ್ರೋಲ್ ರೂಮಿನಲ್ಲಿ ವರ್ಷಗಟ್ಟಲೆ ರಾತ್ರಿಪಾಳಿ ಮಾಡಿದವನು. ಬೆಳಗಿನ ನಾಲ್ಕರ ಹೊತ್ತಿಗೆ ಪರದೆಯ ಮೇಲೆ ಪ್ರೆಶರ್ ಏರುತ್ತಿರುವುದು ಸ್ಪಷ್ಟವಾಗಿ ಕಾಣುತ್ತಿದ್ದರೂ ಕಿರಿಯ ಆಪರೇಟರ್ ತನ್ನ ಶಿಫ್ಟ್ ಇನ್‌ಚಾರ್ಜ್‌ಗೆ ಹೇಳುವುದು 'ಸಾರ್, ಪ್ರೆಶರ್ ಸ್ವಲ್ಪ ಜಾಸ್ತಿ ಇದ್ದಹಾಗಿದೆ ಅಲ್ವಾ?' ಎಂದೇ. ತಿಳಿದದ್ದನ್ನು ತಿಳಿಯದವನಂತೆ ಕೇಳುವುದು ನಮ್ಮಲ್ಲಿ ಮರ್ಯಾದೆ. ಸಾರ್ ಎಚ್ಚರವಾಗಿದ್ದರೆ ಅಷ್ಟು ಸಾಕು. ತೂಕಡಿಕೆಯಲ್ಲಿದ್ದರೆ ಆ 'ಅಲ್ವಾ'ಗೆ ಬರುವುದು ಬರೀ 'ಹ್ಞೂಂ', ಕಿರಿಯನ ಜವಾಬ್ದಾರಿಯೂ ಅಲ್ಲಿಗೆ ತೀರಿದಂತಾಗುತ್ತದೆ.

ಇದನ್ನು ನಮ್ಮ ದೇಶದ ದೋಷವೆಂದು ತಳ್ಳಿಹಾಕುವವರಿದ್ದಾರೆ. 1977ರ ಮಾರ್ಚ್ 27ರಂದು ಕೆನರಿ ದ್ವೀಪಗಳ ಟೆನೆರಿಫೆಯಲ್ಲಿ ಎರಡು ಜಂಬೋ ಜೆಟ್‌ಗಳು ರನ್‌ವೇ ಮೇಲೆಯೇ ಡಿಕ್ಕಿಯಾಗಿ 583 ಮಂದಿ ಸತ್ತಾಗ ಕಾಕ್‌ಪಿಟ್‌ನಲ್ಲಿದ್ದವರು ಡಚ್ಚರು. ಮಂಜಿನಲ್ಲಿ ಓಟ ಆರಂಭಿಸಿದ ಕೆಎಲ್‌ಎಂ ವಿಮಾನದ ಫ್ಲೈಟ್ ಎಂಜಿನಿಯರ್, ಎದುರಿನ ವಿಮಾನ ಇನ್ನೂ ರನ್‌ವೇ ಬಿಟ್ಟಿಲ್ಲವೇನೋ ಎಂದು ಪ್ರಶ್ನೆಯ ರೂಪದಲ್ಲೇ ಅನುಮಾನ ಹೇಳಿದರು. ಸಂಸ್ಥೆಯ ತರಬೇತಿ ವಿಭಾಗದ ಹಿರಿಯ ತಲೆಯಾಗಿದ್ದ ಕ್ಯಾಪ್ಟನ್ ಖಡಾಖಂಡಿತವಾಗಿ ಬಿಟ್ಟಿದೆ ಎಂದರು, ಮತ್ತೆ ಯಾರೂ ಸೊಲ್ಲೆತ್ತಲಿಲ್ಲ. ಅಲ್ಲಿಯೂ ಗಡಿಯಾರದ ಒತ್ತಡವಿತ್ತು: ಆಗಷ್ಟೇ ಬಿಗಿಯಾಗಿದ್ದ ಕೆಲಸದ ಅವಧಿಯ ನಿಯಮ ಮೀರುವ ಮೊದಲು ಹೊರಡಬೇಕೆಂಬ ಆತುರ. ಮರುವರ್ಷ ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿ ಚಕ್ರದ ತೊಂದರೆಯೊಂದರಲ್ಲೇ ಮುಳುಗಿದ್ದ ಕ್ಯಾಪ್ಟನ್‌ಗೆ ಇಂಧನ ಮುಗಿಯುತ್ತಿರುವುದನ್ನು ಉಳಿದವರು ಸೂಚಿಸುತ್ತಿದ್ದಂತೆಯೇ ವಿಮಾನ ನೆಲಕ್ಕೆ ಬಿತ್ತು. 1979ರಲ್ಲಿ ನಾಸಾ ಕರೆದ ಕಾರ್ಯಾಗಾರದಿಂದ ಹುಟ್ಟಿದ ಕ್ರೂ ರಿಸೋರ್ಸ್ ಮ್ಯಾನೇಜ್‌ಮೆಂಟ್ ಎಂಬ ತರಬೇತಿ ಇಂದು ಜಗತ್ತಿನಾದ್ಯಂತ ಕಡ್ಡಾಯದಂತಾಗಿದೆ. ಕಿರಿಯರು ದನಿ ಎತ್ತಬೇಕು, ಹಿರಿಯರು ಕೇಳಬೇಕು ಎಂಬುದು ಅದರ ಮೂಲ ಪಾಠ.

ಆದರೆ ಮಂಗಳೂರಿನ ಸಹ ಪೈಲಟ್ ದನಿ ಎತ್ತಿದ್ದರಲ್ಲ! ಪಾಠದ ಮೊದಲರ್ಧ ನಡೆದಿತ್ತು. ಎರಡನೆಯ ಅರ್ಧವನ್ನು, ಅಂದರೆ ಕೇಳಿಸಿಕೊಳ್ಳುವುದನ್ನು, ನಿದ್ದೆಯಿಂದ ಎದ್ದ ಮನುಷ್ಯನ ವಿವೇಕಕ್ಕೆ ಬಿಡಲಾಗಿತ್ತು. ಈ ಹೊಣೆಗಾರಿಕೆಯ ಹಂಚಿಕೆಯೇ ತಪ್ಪು ಎಂಬುದು ನನ್ನ ವಾದ. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2003ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಎರಡು ವಾರ ರಾತ್ರಿಗೆ ಆರು ಗಂಟೆ ಅಥವಾ ಅದಕ್ಕಿಂತ ಕಡಿಮೆ ನಿದ್ದೆಗೆ ಮಿತಿಗೊಳಿಸಿದ ಆರೋಗ್ಯವಂತರ ಚುರುಕುತನ, ಎರಡು ರಾತ್ರಿಗಳವರೆಗೆ ನಿದ್ದೆಯೇ ಮಾಡದವರ ಮಟ್ಟಕ್ಕೆ ಕುಸಿದಿತ್ತು. ತಾವು ಕುಸಿದಿದ್ದೇವೆ ಎಂಬ ಅರಿವು ಮಾತ್ರ ಅವರಿಗೆ ಹೆಚ್ಚಾಗಿ ಇರಲಿಲ್ಲ. ದಣಿವು ಮೊದಲು ಕಸಿಯುವುದು ದಣಿವನ್ನು ಅಳೆಯುವ ಶಕ್ತಿಯನ್ನೇ. ಇಂಥವನು ಹಿಡಿದ ಯೋಜನೆಯನ್ನು ಬಿಡುವುದಿಲ್ಲ, ಏಕೆಂದರೆ ಹೊಸ ಯೋಜನೆ ಮಾಡುವುದಕ್ಕೆ ಬೇಕಾದ ಶ್ರಮವೇ ಅವನಿಗೆ ಬೆಟ್ಟದಂತೆ ಕಾಣುತ್ತದೆ. ರನ್‌ವೇ ಕಣ್ಣೆದುರಿಗೇ ಇರುವಾಗ ಮತ್ತೆ ಹತ್ತು ಹದಿನೈದು ನಿಮಿಷ ಸುತ್ತಿ ಬರುವ ನಿರ್ಧಾರವನ್ನು ಅವನೊಬ್ಬನಿಂದಲೇ ನಿರೀಕ್ಷಿಸುವುದು ನ್ಯಾಯವಲ್ಲ. ಗೋ ಅರೌಂಡ್ ಎಂಬುದು ಯಾರ ಬಾಯಿಂದ ಬಂದರೂ ಅದು ಚರ್ಚೆಯ ವಿಷಯವಲ್ಲ, ಆಜ್ಞೆ. ಎರಡು ಸಲ ಹೇಳಿಯೂ ಸ್ಪಂದನೆಯಿಲ್ಲದಿದ್ದರೆ ಪಕ್ಕದವರು 'ಐ ಹ್ಯಾವ್ ಕಂಟ್ರೋಲ್' ಎಂದು ವಿಮಾನವನ್ನು ಕೈಗೆ ತೆಗೆದುಕೊಳ್ಳಬೇಕು. ಅನೇಕ ವಿಮಾನ ಸಂಸ್ಥೆಗಳ ಕೈಪಿಡಿಗಳಲ್ಲಿ ಈ ಮಾತು ಈಗ ಇದೆ.

ಕೈಪಿಡಿಯಲ್ಲಿರುವುದಕ್ಕೂ ಕೈಗೆ ಬರುವುದಕ್ಕೂ ಇರುವ ಅಂತರವನ್ನು 2020ರ ಆಗಸ್ಟ್ 7ರಂದು ಕೋಯಿಕ್ಕೋಡ್ ತೋರಿಸಿತು. ಮತ್ತೆ ಅದೇ ಸಂಸ್ಥೆ, ಮತ್ತೆ ದುಬೈಯಿಂದ ಬಂದ ಬೋಯಿಂಗ್ 737, ಮತ್ತೆ ಟೇಬಲ್‌ಟಾಪ್ ರನ್‌ವೇ. ಮಳೆಯಲ್ಲಿ, ಹಿಂಗಾಳಿಯಲ್ಲಿ ಇಳಿದ ವಿಮಾನ ರನ್‌ವೇಯ ಸುಮಾರು ಅರ್ಧ ಕಳೆದ ಮೇಲೆ ನೆಲ ಮುಟ್ಟಿ, ಕೊನೆಯಿಂದ ಉರುಳಿ 21 ಮಂದಿ ಸತ್ತರು, ಇಬ್ಬರು ಪೈಲಟ್‌ಗಳೂ ಸೇರಿ. ಅಲ್ಲಿಯೂ ಸಹ ಪೈಲಟ್ 'ಗೋ ಅರೌಂಡ್' ಎಂದಿದ್ದರು. ತನಿಖಾ ವರದಿಯ ತೀರ್ಮಾನವನ್ನು ಹತ್ತು ವರ್ಷ ಹಿಂದಿನದರ ಪಕ್ಕದಲ್ಲಿಟ್ಟು ಓದಿದರೆ ಊರ ಹೆಸರು ಬಿಟ್ಟು ಹೆಚ್ಚು ವ್ಯತ್ಯಾಸ ಕಾಣದು: ಕ್ಯಾಪ್ಟನ್ ಆ ಕರೆಯನ್ನು ಪಾಲಿಸಲಿಲ್ಲ, ಸಹ ಪೈಲಟ್ ನಿಯಂತ್ರಣ ತೆಗೆದುಕೊಳ್ಳಲಿಲ್ಲ. ಮರುದಿನ ಬೆಳಗ್ಗೆ ಅದೇ ಊರಿನಿಂದ ಇನ್ನೊಂದು ವಿಮಾನವನ್ನು ಅದೇ ಕ್ಯಾಪ್ಟನ್ ಒಯ್ಯಬೇಕಿತ್ತು ಎಂಬ ಡ್ಯೂಟಿ ಪಟ್ಟಿಯ ಒತ್ತಡವನ್ನೂ ವರದಿ ಗುರುತಿಸಿದೆ. ಹಾಗೆ ನೋಡಿದರೆ ಆ ಕಾಕ್‌ಪಿಟ್‌ನಲ್ಲಿ, ಕಚೇರಿಯಲ್ಲಿ ಕೂತು ಡ್ಯೂಟಿ ಪಟ್ಟಿ ಬರೆದವರೂ ಇದ್ದರು.

ಡ್ಯೂಟಿ ಪಟ್ಟಿಯ ವಿಷಯದಲ್ಲಿ ನಾಗರಿಕ ವಿಮಾನಯಾನ ನಿರ್ದೇಶನಾಲಯ 2024ರ ಜನವರಿಯಲ್ಲಿ ಹೊಸ ನಿಯಮ ತಂದಿತು: ವಾರದ ವಿಶ್ರಾಂತಿ 36ರಿಂದ 48 ಗಂಟೆಗೆ ಏರಿತು, ರಾತ್ರಿ ಎಂಬ ಅವಧಿ ಬೆಳಗಿನ ಐದರಿಂದ ಆರಕ್ಕೆ ವಿಸ್ತರಿಸಿತು, ರಾತ್ರಿ ಡ್ಯೂಟಿಯಲ್ಲಿ ಲ್ಯಾಂಡಿಂಗ್‌ಗಳ ಮಿತಿ ಆರರಿಂದ ಎರಡಕ್ಕೆ ಇಳಿಯಿತು. ಸಂಸ್ಥೆಗಳ ತಕರಾರು, ದೆಹಲಿ ಹೈಕೋರ್ಟಿನ ವಿಚಾರಣೆ ಇವೆಲ್ಲ ದಾಟಿ ಎರಡು ಹಂತಗಳಲ್ಲಿ, 2025ರ ಜುಲೈ ಮತ್ತು ನವೆಂಬರ್‌ನಲ್ಲಿ, ಅದು ಜಾರಿಗೆ ಬಂತು. ಡಿಸೆಂಬರ್ ಮೊದಲ ವಾರದಲ್ಲಿ ಇಂಡಿಗೋದ ಸಾವಿರಾರು ಹಾರಾಟಗಳು ರದ್ದಾಗಿ ಬೆಂಗಳೂರಿನ ಕೆಂಪೇಗೌಡ ನಿಲ್ದಾಣದಲ್ಲೂ ಜನ ಪರದಾಡಿದಾಗ ರಾತ್ರಿಯ ಕೆಲವು ನಿಯಮಗಳಿಂದ ಆ ಸಂಸ್ಥೆಗೆ ತಾತ್ಕಾಲಿಕ ವಿನಾಯಿತಿ ಕೊಡಲಾಯಿತು. ಅಂದು ಪೈಲಟ್‌ಗಳ ನಿದ್ದೆಯನ್ನು ಶಪಿಸಿದ ಪ್ರಯಾಣಿಕರ ಕಷ್ಟ ನನಗೆ ಅರ್ಥವಾಗುತ್ತದೆ. ವರ್ಷಕ್ಕೂ ಹೆಚ್ಚು ಮೊದಲೇ ಗೊತ್ತಿದ್ದ ನಿಯಮಕ್ಕೆ ಸಂಸ್ಥೆಯಲ್ಲಿ ಪೈಲಟ್‌ಗಳು ಸಾಲದೆ ಹೋದದ್ದು ಅರ್ಥವಾಗುವುದಿಲ್ಲ.

ಅದೇ ನಿಯಮಾವಳಿಯ ಪ್ರಕಾರ ಸಂಸ್ಥೆಗಳು ಮೂರು ತಿಂಗಳಿಗೊಮ್ಮೆ ಪೈಲಟ್‌ಗಳ ದಣಿವಿನ ದೂರುಗಳ ಬಗ್ಗೆ ನಿರ್ದೇಶನಾಲಯಕ್ಕೆ ವರದಿ ಕೊಡಬೇಕು. ತನ್ನ ದಣಿವನ್ನು ತಾನೇ ಬರೆದು ತಿಳಿಸಿದವರ ಲೆಕ್ಕ ಅದರಲ್ಲಿರುತ್ತದೆ. ತನ್ನ ಕ್ಯಾಪ್ಟನ್ ಹಾರಲಾರದಷ್ಟು ದಣಿದಿದ್ದಾರೆಂದು ಬಲಗಡೆಯ ಸೀಟಿನವರು ಹೆಸರು ಬಯಲಾಗದಂತೆ ತಿಳಿಸಲು, ಆ ಕಾರಣಕ್ಕೆ ಕೆಲಸಕ್ಕೆ ಕುತ್ತು ಬಾರದಂತೆ ನೋಡಿಕೊಳ್ಳಲು ಅಲ್ಲೊಂದು ಪ್ರತ್ಯೇಕ ಅಂಕಣ ಸೇರಿಸಬೇಕೆಂಬುದು ನನ್ನ ಒತ್ತಾಯ.