ಹಳ್ಳದ ಕಸಕ್ಕೊಂದು ಕೂಳಿ: ಆಗಸ್ಟ್ ತನಕ ಆದ ಕೆಲಸ

ಹಳ್ಳಕ್ಕೆ ಕಟ್ಟಿದ, ಕಸ ತಡೆಯುವ ಬಲೆಯ ಕೆಲಸ ಎಲ್ಲಿಗೆ ಬಂತು ಅಂತ ಸುಮಾರು ಜನ ಕೇಳುತ್ತಿದ್ದಾರೆ. ಮಳೆ ಸ್ವಲ್ಪ ಹೊಳವಾಗಿದೆ, ಹಾಗಾಗಿ ಈ ಸಲ ಉದ್ದಕ್ಕೇ ಬರೆಯುತ್ತೇನೆ.

ಹೊಸಬರಿಗೆ ಒಂದೆರಡು ಮಾತು. ನಮ್ಮದು ಕುಮಟಾ ತಾಲೂಕು, ಅಘನಾಶಿನಿ ಅಳಿವೆಯ ಅಂಚು. ಮೇಲಿನ ಕೇರಿಗಳಿಂದ ಇಳಿದು ಬರುವ ಒಂದು ಹಳ್ಳ ನಮ್ಮ ಗಜನಿ ಪಕ್ಕದಲ್ಲೇ ಹಾದು ಹೊಳೆ ಸೇರುತ್ತದೆ. ಗಜನಿ ಗೊತ್ತಲ್ವಾ, ಉಪ್ಪುನೀರು ಬರುವ ಜಾಗದಲ್ಲಿ ಮಣ್ಣಿನ ಒಡ್ಡು ಹಾಕಿ ಕಗ್ಗ ಭತ್ತ ಬೆಳೆಯುವ ಗದ್ದೆ. ಒಡ್ಡಿನ ನಡುವೆ ಹಲಗೆಯ ಬಾಗಿಲು ಇರುತ್ತದೆ. ಕಡಲು ಇಳಿಯುವ ಹೊತ್ತು, ಅಂದರೆ ಇಳಿತದಲ್ಲಿ, ಹಲಗೆ ಎತ್ತಿ ಒಳಗಿನ ಮಳೆನೀರು ಬಿಡಬೇಕು, ಕಡಲು ಉಕ್ಕುವ ಭರತ ಏರುವ ಮೊದಲು ಮತ್ತೆ ಇಳಿಸಬೇಕು. ಹಲಗೆ ಕೂರುವ ಸಂದಿಯಲ್ಲಿ ಒಂದು ನೀರಿನ ಬಾಟಲಿ ಸಿಕ್ಕಿಕೊಂಡರೂ ಸಾಕು, ಹಲಗೆ ಪೂರ್ತಿ ಕೂರುವುದಿಲ್ಲ. ಉಪ್ಪುನೀರು ಒಳಗೆ ಬರುತ್ತಲೇ ಇರುತ್ತದೆ. ಕಗ್ಗ ಉಪ್ಪನ್ನೂ ತಾಳುತ್ತದೆ, ನೆರೆಯನ್ನೂ ತಾಳುತ್ತದೆ, ಆದರೆ ಎಳೆ ಸಸಿಯ ತಾಳಿಕೆಗೂ ಒಂದು ಮಿತಿ ಇದೆ.

ಅಘನಾಶಿನಿ ಶಿರಸಿಯಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ, ಒಂದೂ ಅಣೆಕಟ್ಟು ಇಲ್ಲದೆ ಕಡಲಿಗೆ ಬರುವ ಹೊಳೆ. 2024ರಲ್ಲಿ ಅಳಿವೆಗೆ ರಾಮ್‌ಸಾರ್ ಮಾನ್ಯತೆಯೂ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ ಅನ್ನುವ ಗುರುತೂ, ಸಿಕ್ಕಿತು. ಅಂಥ ಹೊಳೆಯ ಬಾಯಿಗೆ ಹಾಲಿನ ಪ್ಯಾಕೆಟ್, ಗುಟ್ಕಾ ಚೀಟಿ, ಹರಿದ ಚಪ್ಪಲಿ ತುಂಬುವುದನ್ನು ನೋಡಿ ಸುಮ್ನೆ ಕೂರಲು ನನ್ನಿಂದ ಆಗಲಿಲ್ಲ.

ಬೇಸಿಗೆಯಲ್ಲೇ ಬಲೆ ಇಳಿಸಿದ್ದೆವು. ಬಲೆ ಅಂದರೆ ತದಡಿ ಬಂದರಿನಲ್ಲಿ ಬಿಸಾಡಿದ ಹಳೇ ಮೀನುಬಲೆ, ಅದರದ್ದೇ ಬೆಂಡು, ಒಂದು ದಪ್ಪ ಹಗ್ಗ. ಥರ್ಮೋಕೋಲ್ ಬೇಡವೇ ಬೇಡ, ಅದು ಕಾಳು ಕಾಳಾಗಿ ಉದುರಿ ಇನ್ನೊಂದು ಕಸ ಆಗುತ್ತದೆ. ಹಳ್ಳಕ್ಕೆ ನೇರ ಅಡ್ಡಲಾಗಿ ಹಗ್ಗ ಎಳೆದರೆ ನೀರಿನ ಒತ್ತಡಕ್ಕೆ ನಡು ಬಾಗಿ, ಕಸವೆಲ್ಲ ಅಲ್ಲೇ ಗುಡ್ಡೆ ಬಿದ್ದು ಕೆಳಗಿಂದ ನುಸುಳುತ್ತದೆ. ಅದಕ್ಕೇ ಓರೆಯಾಗಿ ಕಟ್ಟಿದ್ದು. ಓರೆ ಇದ್ದರೆ ಹರಿವೇ ಕಸವನ್ನು ಜಾರಿಸಿಕೊಂಡು ದಡದ ಮೂಲೆಗೆ ತಂದು ಬಿಡುತ್ತದೆ. ಬಲೆ ನೀರಿನೊಳಗೆ ಒಂದು ಗೇಣು ಮಾತ್ರ ಇಳಿದಿದೆ. ಮೀನು, ಶೆಟ್ಲಿ (ಸಿಗಡಿ) ಅಡಿಯಿಂದ ಆರಾಮವಾಗಿ ಓಡಾಡುತ್ತವೆ. ನೆನೆದು ಭಾರವಾದ ಎಲೆಯೂ ಕೆಳಗೆ ದಾಟಿ ಹೋಗುತ್ತದೆ. ಅದು ಹೋಗಲೇಬೇಕು. ಅಳಿವೆಯ ಜೀವಗಳಿಗೆ ಎಲೆ ಆಹಾರ, ಕಸ ಅಲ್ಲ.

ಗಂಟು ಬಿದ್ದದ್ದು ಭರತದಲ್ಲಿ. ಇಲ್ಲಿ ದಿನಕ್ಕೆ ಎರಡು ಸಲ ಭರತ ಬಂದು ನೀರು ಹಿಮ್ಮುಖವಾಗಿ ಹರಿಯುತ್ತದೆ. ಇಳಿತದಲ್ಲಿ ಮೂಲೆಗೆ ಬಂದು ಕೂತ ಕಸ ಭರತ ಏರುತ್ತಿದ್ದಂತೆ ತೇಲಿಕೊಂಡು ಹಳ್ಳದ ಮೇಲ್ಭಾಗಕ್ಕೆ ವಾಪಸ್! ಹೋಗಿ ಕಾಂಡ್ಲದ (ಮ್ಯಾಂಗ್ರೋವ್ ಗಿಡಗಳ) ಬುಡದಲ್ಲಿ ಸಿಕ್ಕಿಕೊಳ್ಳುತ್ತದೆ. ಕೆಲವು ಕಾಂಡ್ಲ ಜಾತಿಗೆ ಕೆಸರಿನಿಂದ ಮೇಲಕ್ಕೆ ಚಾಚಿದ ಬೇರುಗಳೇ ಉಸಿರಾಟದ ದಾರಿ. ಅದರ ಮೇಲೆ ಪ್ಲಾಸ್ಟಿಕ್ ಹೊದ್ದುಕೊಂಡರೆ ಗಿಡ ಸೊರಗುತ್ತದೆ. ಅದನ್ನು ಒಂದೊಂದಾಗಿ ಬಿಡಿಸುವುದು ಎಂಥಾ ಕೆಲಸ ಅಂತ ಬಿಡಿಸಿದವರಿಗೇ ಗೊತ್ತು.

ಬಾಗಿಲು ಇಡೋಣ, ಚಿಲಕ ಇಡೋಣ, ಹೊತ್ತು ಹೊತ್ತಿಗೆ ಒಬ್ಬರು ಕಾಯೋಣ ಅಂತೆಲ್ಲ ಮಾತಾಡಿದೆವು. ಉತ್ತರ ಸಿಕ್ಕಿದ್ದು ನೆರೆಮನೆಯ ಅಟ್ಟದಲ್ಲಿ. ಹತ್ತುಮೀನು, ಅಂದರೆ ಮಳೆಗಾಲದಲ್ಲಿ ಹರಿವಿಗೆ ಎದುರಾಗಿ ಹತ್ತಿ ಬರುವ ಮೀನು, ಹಿಡಿಯುವ ಬಿದಿರಿನ ಕೂಳಿ ಅಲ್ಲಿ ಹೊಗೆ ಹಿಡಿದು ಕೂತಿತ್ತು. ಕೂಳಿಯ ಬಾಯಿಯಲ್ಲಿ ಬಿದಿರ ಕಡ್ಡಿಗಳು ಒಳಮುಖವಾಗಿ ಕೂಡಿಕೊಂಡಿರುತ್ತವೆ. ಮೀನು ತಳ್ಳಿಕೊಂಡು ಒಳಗೆ ಹೋಗುತ್ತದೆ, ಹೊರಗೆ ಬರುವಾಗ ಅದೇ ಕಡ್ಡಿಗಳು ಅಡ್ಡ. ಅದನ್ನೇ ದೊಡ್ಡದು ಮಾಡಿ, ಅಡಿ ತೆರೆದು, ನೀರಿನ ಮೇಲೆ ತೇಲಬಿಟ್ಟರೆ?

ಹಾಗೇ ಮಾಡಿದೆವು. ದಡದ ಮೂಲೆಯಲ್ಲಿ ಬಿದಿರಿನ ತಟ್ಟಿ ಸುತ್ತಿ, ಬಾಯಿಗೆ ಬಳುಕುವ ಕಡ್ಡಿಗಳ ಎರಡು ಸಾಲು ಕಟ್ಟಿದೆವು. ಇಳಿತದ ನೀರು ಬಾಟಲಿಯನ್ನು ಒಳಗೆ ದೂಡುತ್ತದೆ, ಕಡ್ಡಿ ಬಾಗಿ ದಾರಿ ಬಿಡುತ್ತದೆ, ಆಮೇಲೆ ಮುಚ್ಚಿಕೊಳ್ಳುತ್ತದೆ. ಭರತ ಬಂದರೂ ಬಾಟಲಿ ಅಲ್ಲೇ ಇರುತ್ತದೆ. ಮೊದಲ ಸಲ ಅದನ್ನು ಕಣ್ಣಾರೆ ನೋಡಿದಾಗ ದಡದಲ್ಲಿದ್ದವರೆಲ್ಲ ಕೂಗಿಬಿಟ್ಟೆವು. ತೆಳು ಚೀಲಗಳು ಮಾತ್ರ ಕಡ್ಡಿಗೆ ಸುತ್ತಿಕೊಳ್ಳುತ್ತವೆ, ಅವನ್ನು ಕೈಯಲ್ಲೇ ಬಿಡಿಸಬೇಕು. ಕರ್ನಾಟಕದಲ್ಲಿ ಪ್ಲಾಸ್ಟಿಕ್ ಕೈಚೀಲ ನಿಷೇಧವಾದದ್ದು 2016ರಲ್ಲಿ. ಹಳ್ಳಕ್ಕೆ ಇನ್ನೂ ಆ ಸುದ್ದಿ ಮುಟ್ಟಿಲ್ಲ ಅನ್ನುವುದು ಬೇಸರದ ಸಂಗತಿ.

ಹುಣ್ಣಿಮೆ, ಅಮಾವಾಸ್ಯೆಗೆ ಏರಿಳಿತ ಜಾಸ್ತಿ. ಹಗ್ಗದ ತುದಿಯನ್ನು ಗೂಟಕ್ಕೆ ಬಿಗಿದರೆ ಭರತದಲ್ಲಿ ಬಲೆ ಮುಳುಗುತ್ತದೆ. ಅದಕ್ಕೆ ಅಡಿಕೆ ಮರದ ಗೂಟಕ್ಕೆ ಹಳೇ ಸ್ಕೂಟರ್ ಟೈರ್ ತೂರಿಸಿ, ಹಗ್ಗವನ್ನು ಟೈರಿಗೆ ಕಟ್ಟಿದ್ದೇವೆ. ನೀರಿನ ಜೊತೆ ಅದೂ ಏರುತ್ತದೆ, ಇಳಿಯುತ್ತದೆ.

ಜುಲೈಯದ್ದು ಬೇರೆಯೇ ಪರೀಕ್ಷೆ. ನೆರೆ ಬಂದಾಗ ಮರದ ದಿಮ್ಮಿಗಳೂ ಬರುತ್ತವೆ. ಬಲೆ ಗಟ್ಟಿ ಇದ್ದಷ್ಟೂ ಅಪಾಯ: ಹಳ್ಳಕ್ಕೇ ಕಟ್ಟೆ ಆಗಿ ಪಕ್ಕದ ತೋಟಕ್ಕೆ ನೀರು ನುಗ್ಗುತ್ತದೆ. ಹಾಗಾಗಿ ಮೇಲಿನ ತುದಿಯನ್ನು ಬೇಕೆಂದೇ ಸಪೂರ ತೆಂಗಿನ ನಾರಿನ ಹಗ್ಗದಲ್ಲಿ ಕಟ್ಟಿದ್ದೆವು. ದೊಡ್ಡ ದಿಮ್ಮಿ ಬಡಿದ ರಾತ್ರಿ ಆ ಹಗ್ಗ ಕಡಿಯಿತು, ಬಲೆ ಬಾಗಿಲ ಹಾಗೆ ತೆರೆದು ದಡಕ್ಕೆ ಒರಗಿತು. ಬೆಳಿಗ್ಗೆ ಹೊಸ ನಾರಿನ ಹಗ್ಗ ಕಟ್ಟಿದ್ದಷ್ಟೇ ಖರ್ಚು.

ಹೊಸ ಉಪಾಯ ಅಂದರೆ ಆಕಾಶದಿಂದ ಇಳಿಯಬೇಕು ಅಂದುಕೊಳ್ಳುವವರಿಗೆ ನಾನು ಶಿರಸಿ ತಾಲೂಕಿನ ಸಾಲ್ಕಣಿ ಊರನ್ನು ನೆನಪಿಸುತ್ತೇನೆ. 1983ರಲ್ಲಿ ಅಲ್ಲಿ ಮರ ಅಪ್ಪಿಕೊಂಡು ಕಡಿತ ನಿಲ್ಲಿಸಿದವರು ಹಿಮಾಲಯದ ಚಿಪ್ಕೋ ಮಾತು ಕೇಳಿಸಿಕೊಂಡಿದ್ದರು. ಅಲ್ಲಿನದ್ದನ್ನು ನಮ್ಮ ಕಾಡಿಗೆ ತಂದು ಹೊಂದಿಸಿದರು, ಅದು ಅಪ್ಪಿಕೋ ಆಯಿತು. ನಮ್ಮ ಕೂಳಿಯೂ ಅಜ್ಜಂದಿರದ್ದೇ. ಮೀನಿನ ಜಾಗದಲ್ಲಿ ಬಾಟಲಿ ಇಟ್ಟು ನೋಡಿದ್ದಷ್ಟೇ ನಾವು.

ಬಲೆಗೆ ಸಿಗದ ಒಂದು ಕಸ ಉಳಿದಿದೆ. ಹಿಡಿದದ್ದನ್ನು ಅಂಗಳದಲ್ಲಿ ಹರಡಿ ವಿಂಗಡಿಸುವಾಗ ಹಾಲಿನ ಪ್ಯಾಕೆಟ್‌ಗಳನ್ನು ನೋಡಿ. ಹೆಚ್ಚಿನವಕ್ಕೆ ಒಂದು ಮೂಲೆಯೇ ಇಲ್ಲ. ಕತ್ತರಿಸಿದ ಆ ಉಗುರಿನಷ್ಟು ತುಂಡು ಬಲೆಯ ಕಣ್ಣಿನಲ್ಲಿ ಸಲೀಸಾಗಿ ನುಸುಳುತ್ತದೆ. ಕಣ್ಣು ಸಣ್ಣದು ಮಾಡಿದರೆ ಮೀನುಮರಿ ಸಾಯುತ್ತವೆ. ಅದಕ್ಕೆ ಈಗ ಕೆಲಸ ಅಡುಗೆಮನೆಯಲ್ಲಿ ಶುರುವಾಗಿದೆ: ಮೂಲೆ ಪೂರ್ತಿ ಕತ್ತರಿಸಬೇಡಿ, ಅರ್ಧ ಸೀಳಿ ಹಾಲು ಬಗ್ಗಿಸಿ, ತುಂಡು ಪ್ಯಾಕೆಟ್‌ಗೇ ಅಂಟಿರಲಿ. ಹಳ್ಳದ ಬದಿಯ ಮನೆಗಳಿಗೆ ಹೋಗಿ ಹೀಗೆ ಕತ್ತರಿಸಿ ತೋರಿಸುತ್ತಿದ್ದೇವೆ. ಮೂಲೆ ಇರುವ ಪ್ಯಾಕೆಟ್ ಎಷ್ಟು, ಇಲ್ಲದ್ದು ಎಷ್ಟು ಅಂತ ಕೂಳಿ ಖಾಲಿ ಮಾಡುವಾಗಲೆಲ್ಲ ಬೇರೆ ಬೇರೆ ಎಣಿಸಿ ಬರೆದಿಡುತ್ತೇವೆ. ಆ ಲೆಕ್ಕ ಕಗ್ಗದ ಕೊಯ್ಲು ಮುಗಿದ ಮೇಲೆ ಹಾಕುತ್ತೇನೆ. ಹೊನ್ನಾವರ, ಅಂಕೋಲಾ ಕಡೆಯವರು ಯಾರಾದರೂ ಇಂಥದ್ದು ಕಟ್ಟುವುದಾದರೆ ಬನ್ನಿ, ಇಳಿತದ ಹೊತ್ತು ನೋಡಿಕೊಂಡು ಬಂದರೆ ಕೂಳಿಯ ಬಾಯಿ ಕೆಲಸ ಮಾಡುವುದನ್ನೂ ನೋಡಬಹುದು.